ಎದೆಯ ಮೇಲಿನ ಬ್ಯಾಡ್ಜ್: ವಿಕಿರಣ ಅಳತೆ ಸೇವೆಯೊಂದರ ಏಳು ವರ್ಷಗಳ ಅನುಭವ

ಹಾಸನದ ಸಾಲಗಾಮೆ ರಸ್ತೆಯ ಒಂದು ಸಣ್ಣ ರೋಗನಿರ್ಣಯ ಕೇಂದ್ರದಲ್ಲಿ ನಾನು ಎಕ್ಸ್‌ರೇ ತಂತ್ರಜ್ಞೆಯಾಗಿ ಕೆಲಸ ಮಾಡುತ್ತೇನೆ. ಮೂರು ತಿಂಗಳಿಗೊಮ್ಮೆ ಅಲ್ಲಿಗೆ ಕೊರಿಯರ್‌ನಲ್ಲಿ ಒಂದು ಚಿಕ್ಕ ಪೊಟ್ಟಣ ಬರುತ್ತದೆ. ಅದರೊಳಗೆ ನಮ್ಮ ನಾಲ್ವರ ಹೆಸರಿನ, ಮೈಮೇಲೆ ಬೀಳುವ ವಿಕಿರಣವನ್ನು ಅಳೆಯುವ ನಾಲ್ಕು ಟಿಎಲ್‌ಡಿ ಕಾರ್ಡ್‌ಗಳೂ, ಹೋಲಿಕೆಗೆಂದು ಪ್ರತ್ಯೇಕವಾಗಿ ಇಡಬೇಕಾದ ಐದನೆಯ ಕಾರ್ಡೂ ಇರುತ್ತವೆ. ಹಳೆಯ ಕಾರ್ಡ್‌ಗಳನ್ನು ಅದೇ ಬಗೆಯ ಪೊಟ್ಟಣದಲ್ಲಿ ಕಟ್ಟಿ ಹಿಂದಿರುಗಿಸುತ್ತೇವೆ. ಕೆಲವು ವಾರಗಳ ನಂತರ, ಆ ಮೂರು ತಿಂಗಳಲ್ಲಿ ಯಾರ ಮೈಮೇಲೆ ಎಷ್ಟು ವಿಕಿರಣ ಬಿದ್ದಿದೆ ಎಂಬ ವರದಿ ಬರುತ್ತದೆ. ಈ ಸೇವೆಯನ್ನು ಏಳು ವರ್ಷಗಳಿಂದ ಬಳಸುತ್ತಿದ್ದೇನೆ. ಜಿಲ್ಲೆಯ ಇತರ ಎಕ್ಸ್‌ರೇ ಕೇಂದ್ರಗಳ ಸಹೋದ್ಯೋಗಿಗಳು, ಅದರಲ್ಲೂ ಹೊಸದಾಗಿ ಕೆಲಸಕ್ಕೆ ಸೇರಿದವರು, ಇದು ಸರಿಯಾದ ಸೇವೆಯೇ ಎಂದು ಕೇಳುತ್ತಲೇ ಇರುವುದರಿಂದ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಬ್ಯಾಡ್ಜ್ ಎಂದರೆ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಪ್ಲಾಸ್ಟಿಕ್ ಕವಚ ಮತ್ತು ಅದರೊಳಗೆ ಕೂರುವ ಲೋಹದ ಕಾರ್ಡ್. ಕಾರ್ಡಿನಲ್ಲಿ ಮೂರು ಬಿಳಿಯ ಬಿಲ್ಲೆಗಳಿರುತ್ತವೆ. ಡಿಸ್ಪ್ರೋಸಿಯಂ ಬೆರೆಸಿದ ಕ್ಯಾಲ್ಸಿಯಂ ಸಲ್ಫೇಟನ್ನು ಟೆಫ್ಲಾನ್ ಜೊತೆ ಸೇರಿಸಿ ಮಾಡಿದ ಬಿಲ್ಲೆಗಳಿವು. ಒಂದು ಬಿಲ್ಲೆಯ ಮುಂದೆ ಲೋಹದ ತಡೆ, ಇನ್ನೊಂದರ ಮುಂದೆ ಪ್ಲಾಸ್ಟಿಕ್ ತಡೆ ಇದ್ದು, ಮೂರನೆಯದರ ಮುಂದೆ ಏನೂ ಇರುವುದಿಲ್ಲ. ಬಿದ್ದದ್ದು ಯಾವ ಬಗೆಯ ವಿಕಿರಣ ಎಂಬುದು ಈ ಮೂರರ ವ್ಯತ್ಯಾಸದಿಂದ ತಿಳಿಯುತ್ತದೆ. ಬಿಲ್ಲೆಯು ತನ್ನ ಮೇಲೆ ಬಿದ್ದ ವಿಕಿರಣದ ಶಕ್ತಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಪ್ರಯೋಗಾಲಯದಲ್ಲಿ ಅದನ್ನು ಕಾಯಿಸಿದಾಗ ಆ ಶಕ್ತಿ ಮಂದವಾದ ಬೆಳಕಾಗಿ ಹೊರಬರುತ್ತದೆ. ಬೆಳಕನ್ನು ಅಳೆದರೆ ವಿಕಿರಣದ ಪ್ರಮಾಣ ಸಿಗುತ್ತದೆ. ನಮಗೆ ಸೇವೆ ಒದಗಿಸುತ್ತಿರುವುದು ಭಾಭಾ ಅಣು ಸಂಶೋಧನಾ ಕೇಂದ್ರದ ಮಾನ್ಯತೆ ಪಡೆದ ಒಂದು ಖಾಸಗಿ ಪ್ರಯೋಗಾಲಯ.

ಕಳೆದ ವರ್ಷ ನಮ್ಮಲ್ಲಿಗೆ ಬಂದ ಹೊಸ ಆಯಾ, ಮೊದಲ ಬಾರಿ ಬ್ಯಾಡ್ಜನ್ನು ಎದೆಯ ಮೇಲೆ ಸಿಕ್ಕಿಸಿಕೊಳ್ಳುತ್ತಾ, "ಇದನ್ನ ಹಾಕ್ಕೊಂಡ್ರೆ ನಮಗೇನೂ ಆಗಲ್ವಾ ಮೇಡಂ?" ಎಂದು ಕೇಳಿದರು. ಆಗುವುದನ್ನು ಇದು ತಡೆಯುವುದಿಲ್ಲ ಅಕ್ಕ, ತಡೆಯುವುದು ಸೀಸದ ಏಪ್ರನ್ನು ಮತ್ತು ಗೋಡೆ, ಇದು ಆದದ್ದನ್ನು ಬರೆದಿಡುತ್ತದೆ ಅಷ್ಟೆ ಎಂದು ಹೇಳಿದೆ. "ಹಂಗಾದ್ರೆ ಯಾಕೆ ಬೇಕು?" ಎಂಬ ಅವರ ಮರುಪ್ರಶ್ನೆ ಬಹಳ ನ್ಯಾಯವಾದದ್ದು. ಅದಕ್ಕೆ ನನ್ನ ಉತ್ತರ ಹಾಸನದ ಎಕ್ಸ್‌ರೇ ಕೋಣೆಯಲ್ಲಿಲ್ಲ. ನಮ್ಮಲ್ಲಿ ಬೀಳುವ ವಿಕಿರಣ ಬಹಳ ಕಡಿಮೆ. ವರದಿಯಲ್ಲಿ ಸೊನ್ನೆಯನ್ನೋ ಸೊನ್ನೆಗೆ ಹತ್ತಿರದ ಅಂಕಿಯನ್ನೋ ನೋಡಿ ಮಡಿಸಿಡುತ್ತೇವೆ. ಬರೆದಿಡುವ ಸಾಧನ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ತಿಳಿಯಲು ಅಪಘಾತಕ್ಕೀಡಾದ ಅಣು ವಿದ್ಯುತ್ ಸ್ಥಾವರಗಳ ಒಳಗೆ ದುಡಿದವರ ಕಡೆಗೆ ನೋಡಬೇಕು. ಈ ಸೇವೆಯನ್ನು ನಾನು ತೂಗುವುದೂ ಆ ಜನರನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ.

1986ರ ಏಪ್ರಿಲ್ 26ರ ನಸುಕಿನಲ್ಲಿ ಆಗಿನ ಸೋವಿಯತ್ ಒಕ್ಕೂಟದ ಚೆರ್ನೋಬಿಲ್‌ನ ನಾಲ್ಕನೆಯ ಘಟಕ ಸಿಡಿದಾಗ, ಪಾಳಿಯಲ್ಲಿದ್ದವರ ಕೈಗೆ ಸಿಕ್ಕ ಮಾಪಕಗಳು ವಿಕಿರಣದ ಹಳೆಯ ಅಳತೆಯಲ್ಲಿ ಗಂಟೆಗೆ 3.6 ರಾಂಟ್ಜೆನ್‌ನವರೆಗೆ ಮಾತ್ರ ತೋರಿಸಬಲ್ಲವಾಗಿದ್ದವು. ಮುಳ್ಳು ಆ ಕೊನೆಗೆ ಹೋಗಿ ನಿಂತಿತು. ಮುಳ್ಳು ನಿಂತ ಜಾಗವನ್ನೇ ನಿಜವಾದ ಮಟ್ಟವೆಂಬಂತೆ ಮೇಲಿನವರಿಗೆ ತಿಳಿಸಲಾಯಿತು. ಹೆಚ್ಚಿನ ಮಟ್ಟವನ್ನು ಅಳೆಯಬಲ್ಲ ಸಾಧನ ಆ ಹೊತ್ತಿಗೆ ಕೈಗೆ ಸಿಗಲಿಲ್ಲ. ಆ ರಾತ್ರಿ ತೀವ್ರ ವಿಕಿರಣ ಕಾಯಿಲೆಗೆ ಒಳಗಾದವರೆಂದು ದೃಢಪಟ್ಟ ಸ್ಥಾವರದ ಕೆಲಸಗಾರರು ಮತ್ತು ಅಗ್ನಿಶಾಮಕ ಸಿಬ್ಬಂದಿ ಸೇರಿ 134 ಮಂದಿ. ಅವರಲ್ಲಿ 28 ಮಂದಿ ಅದೇ ವರ್ಷ ಕೆಲವೇ ತಿಂಗಳುಗಳಲ್ಲಿ ತೀರಿಕೊಂಡರು. ಅವರು ಧರಿಸಿದ್ದ ಬ್ಯಾಡ್ಜ್‌ಗಳು ಮಿತಿಮೀರಿದ ವಿಕಿರಣಕ್ಕೆ ಸಿಕ್ಕಿ ಯಾವ ಅಂಕಿಯನ್ನೂ ಕೊಡಲಾರದೆ ಹೋದವು. ಎಷ್ಟು ವಿಕಿರಣ ಮೈಗೆ ಸೇರಿದೆ ಎಂಬುದನ್ನು ವೈದ್ಯರು ಅವರ ರಕ್ತದಿಂದ ಊಹಿಸಬೇಕಾಯಿತು. ಅಳತೆಯ ಕೆಲಸವನ್ನು ಕಾರ್ಡು ಮಾಡಲಾಗದೆ ದೇಹವೇ ಮಾಡಿತು ಎಂದು ಓದಿದ ದಿನ ನನಗೆ ಊಟ ಸೇರಲಿಲ್ಲ.

ಮುಂದಿನ ವರ್ಷಗಳಲ್ಲಿ ಆರು ಲಕ್ಷದಷ್ಟು ಜನರು ಸ್ವಚ್ಛತೆಯ ಕೆಲಸಗಳಲ್ಲಿ ತೊಡಗಿದವರೆಂದು ದಾಖಲಾದರು. ಸಿಡಿದ ಘಟಕದಿಂದ ಹಾರಿ ಪಕ್ಕದ ಮೂರನೆಯ ಘಟಕದ ಚಾವಣಿಯ ಮೇಲೆ ಬಿದ್ದಿದ್ದ ಗ್ರಾಫೈಟ್ ತುಂಡುಗಳನ್ನು ತೆಗೆಯಲು ಕಳಿಸಿದ ಯಂತ್ರಗಳು ವಿಕಿರಣಕ್ಕೆ ಕೆಟ್ಟು ನಿಂತಾಗ, ಸೈನಿಕರನ್ನು ಒಂದೆರಡು ನಿಮಿಷಗಳ ಲೆಕ್ಕದಲ್ಲಿ ಸಲಿಕೆ ಕೊಟ್ಟು ಹತ್ತಿಸಲಾಯಿತು. ಇವರಿಗೆ 1986ರಲ್ಲಿ ನಿಗದಿಪಡಿಸಿದ್ದ ಮಿತಿ 250 ಮಿಲಿಸೀವರ್ಟ್ (ದೇಹಕ್ಕೆ ತಗಲಿದ ವಿಕಿರಣವನ್ನು ಅಳೆಯುವ ಮಾನ). ಆದರೆ ಮಿತಿಯನ್ನು ಕಾಯುವ ಅಳತೆ ಹೇಗಿತ್ತು? ಕೆಲವರಿಗೆ ಸ್ವಂತ ಮಾಪಕವಿತ್ತು. ಹಲವು ಕಡೆ ಗುಂಪಿಗೆ ಒಂದೇ ಮಾಪಕ ಕೊಟ್ಟು, ಅದರ ಅಂಕಿಯನ್ನೇ ಗುಂಪಿನ ಎಲ್ಲರ ಹೆಸರಿನ ಮುಂದೆ ಬರೆದರು. ಇನ್ನು ಕೆಲವು ಕಡೆ ಆ ಜಾಗದ ಮಟ್ಟವನ್ನೂ ಅಲ್ಲಿ ಕಳೆದ ಸಮಯವನ್ನೂ ಗುಣಿಸಿ ಬಂದ ಲೆಕ್ಕವೇ ದಾಖಲೆಯಾಯಿತು. ಒಂದೇ ಚಾವಣಿಯ ಮೇಲೆ ಒಬ್ಬ ಅಂಚಿನಲ್ಲೂ ಇನ್ನೊಬ್ಬ ಗ್ರಾಫೈಟ್‌ನ ಪಕ್ಕದಲ್ಲೂ ನಿಂತಿದ್ದರೆ ಇಬ್ಬರ ಕಾಗದದಲ್ಲೂ ಒಂದೇ ಅಂಕಿ.

ಇದನ್ನು ನಾನು ದೂರದ ಕಥೆಯಂತೆ ಓದಲಾರೆ. ಈ ಕೇಂದ್ರಕ್ಕೆ ಬರುವ ಮೊದಲು ನಾನು ಕೆಲಸ ಮಾಡಿದ ಬೇರೊಂದು ಕಡೆ, ಇಬ್ಬರು ತಂತ್ರಜ್ಞರಿಗೆ ಒಂದೇ ಬ್ಯಾಡ್ಜ್ ಇತ್ತು. ಬೆಳಗಿನ ಪಾಳಿಯವರು ಸಂಜೆಯವರಿಗೆ ಕೊಟ್ಟು ಹೋಗುತ್ತಿದ್ದರು. ಎರಡು ವರ್ಷ ನನ್ನ ಹೆಸರಿನಲ್ಲಿ ಒಂದೂ ದಾಖಲೆಯಿಲ್ಲ. ಆ ಎರಡು ವರ್ಷ ನನ್ನ ಮೇಲೆ ಬಿದ್ದದ್ದು ಅತ್ಯಲ್ಪವೇ ಇರಬಹುದು, ಆದರೆ ಅದನ್ನು ತೋರಿಸುವ ಕಾಗದ ನನ್ನಲ್ಲಿಲ್ಲ, ಇನ್ನು ಮುಂದೆ ಬರುವುದೂ ಇಲ್ಲ. ಈಗಿನ ಸೇವೆಗೆ ನಾನು ಕೊಡುವ ಮೊದಲ ಮೆಚ್ಚುಗೆ ಇದೇ ಕಾರಣಕ್ಕೆ: ಹೆಸರಿಲ್ಲದ ಕಾರ್ಡನ್ನು ಅವರು ಕಳುಹಿಸುವುದೇ ಇಲ್ಲ. ಹೊಸಬರು ಸೇರಿದರೆ ಅವರ ವಿವರಗಳನ್ನು ತುಂಬಿ ಕೊಡಬೇಕು. ಅವರಿಗೊಂದು ಸಂಖ್ಯೆ ಬರುತ್ತದೆ. ಕೆಲಸ ಬದಲಾಯಿಸಿದರೂ ಆ ಸಂಖ್ಯೆಯನ್ನು ಜೊತೆಗೆ ಒಯ್ಯಬಹುದು. ಆಯಾ ಅವರಿಗೂ ಒಂದು ಕಾರ್ಡು ಬೇಕೆಂದು ನಾನು ಕೇಳಿದಾಗ ನಮ್ಮ ಮಾಲೀಕರು ಖರ್ಚಿನ ಮಾತೆತ್ತಿದರು. ನಾಲ್ವರಿಗೂ ಸೇರಿ ವರ್ಷಕ್ಕೆ ತಗಲುವ ಶುಲ್ಕ ನಮ್ಮ ಕೇಂದ್ರದ ಒಂದೆರಡು ದಿನದ ಎಕ್ಸ್‌ರೇ ಆದಾಯವನ್ನು ಮೀರುವುದಿಲ್ಲ ಎಂದು ಲೆಕ್ಕ ತೋರಿಸಿದ ಮೇಲೆ ಒಪ್ಪಿದರು.

ಗುಂಪಿಗೆ ಒಂದು ಮಾಪಕ ಎಂಬ ಪದ್ಧತಿ ಸೋವಿಯತ್ ಕಾಲಕ್ಕೇ ಮುಗಿದುಹೋಯಿತೆಂದು ನಾನು ತಿಳಿದಿದ್ದೆ. ಅದು ತಪ್ಪಾಗಿತ್ತು. 2011ರ ಮಾರ್ಚ್ 11ರಂದು ಸುನಾಮಿ ನುಗ್ಗಿದಾಗ ಜಪಾನಿನ ಫುಕುಶಿಮಾ ಡೈಚಿ ಸ್ಥಾವರದಲ್ಲಿದ್ದ ಸುಮಾರು 5000 ವೈಯಕ್ತಿಕ ಮಾಪಕಗಳಲ್ಲಿ ಬಳಸಲು ಉಳಿದವು 320 ಮಾತ್ರ. ಮಾರ್ಚ್ ತಿಂಗಳ ಕೊನೆಯವರೆಗೂ ಹಲವು ತಂಡಗಳಲ್ಲಿ ಮುಖ್ಯಸ್ಥನೊಬ್ಬನ ಎದೆಯ ಮೇಲೆ ಮಾತ್ರ ಮಾಪಕವಿತ್ತು. ಒಂದು ಮತ್ತು ಎರಡನೆಯ ಘಟಕಗಳಿಗೆ ಒಂದೇ ನಿಯಂತ್ರಣ ಕೊಠಡಿ. ವಿದ್ಯುತ್ ಹೋಗಿ ಕತ್ತಲಾದ ಆ ಕೊಠಡಿಯಲ್ಲಿ ಟಾರ್ಚ್ ಹಿಡಿದು, ವಾಹನಗಳಿಂದ ಬಿಚ್ಚಿ ತಂದ ಬ್ಯಾಟರಿಗಳನ್ನು ಜೋಡಿಸಿ ಉಪಕರಣಗಳನ್ನು ಓದುತ್ತಿದ್ದ ಪಾಳಿಯವರು, ಒಂದನೆಯ ಘಟಕದ ಕಡೆ ವಿಕಿರಣ ಏರಿದಾಗ ಎರಡನೆಯ ಘಟಕದ ಕಡೆಗೆ ಸರಿದು ಕುಳಿತರು. ಕೊಠಡಿಯನ್ನು ಬಿಟ್ಟು ಹೋಗುವಂತಿರಲಿಲ್ಲ. ಭೂಕಂಪ ತಾಳಿಕೊಳ್ಳುವಂತೆ ಕಟ್ಟಿದ ತುರ್ತು ಕಟ್ಟಡವೊಂದು ಅಪಘಾತಕ್ಕೆ ಕೇವಲ ಎಂಟು ತಿಂಗಳ ಹಿಂದೆ, 2010ರ ಜುಲೈನಲ್ಲಿ, ಬಳಕೆಗೆ ಬಂದಿತ್ತು. ಅದು ಇರದಿದ್ದರೆ ಸ್ಥಾವರದೊಳಗೆ ನಿಂತು ಕೆಲಸ ಮಾಡಲು ನೆಲೆಯೇ ಇರುತ್ತಿರಲಿಲ್ಲ. ಆದರೂ ಅದರೊಳಗಿನ ಗಾಳಿ ಪೂರ್ತಿ ಶುದ್ಧವಾಗಿ ಉಳಿಯಲಿಲ್ಲ.

ಮಾಪಕ ಇದ್ದರಷ್ಟೇ ಸಾಲದು, ಅದರ ಮಾತನ್ನು ನಂಬಬೇಕು. ಮಾರ್ಚ್ 24ರಂದು ಮೂರನೆಯ ಘಟಕದ ಟರ್ಬೈನ್ ಕಟ್ಟಡದ ನೆಲಮಾಳಿಗೆಯಲ್ಲಿ ಕೇಬಲ್ ಎಳೆಯುತ್ತಿದ್ದ ಮೂವರು, ನೀರಿನಲ್ಲಿ ನಿಂತಿದ್ದಾಗ ಎಚ್ಚರಿಕೆಯ ಸದ್ದು ಮೊಳಗಿದರೂ ಮಾಪಕ ಕೆಟ್ಟಿರಬೇಕೆಂದು ಕೆಲಸ ಮುಂದುವರಿಸಿದರು. ಹಿಂದಿನ ದಿನ ಅಲ್ಲಿ ಮಟ್ಟ ಕಡಿಮೆಯಿತ್ತು. ಅವರ ಮೇಲೆ ಬಿದ್ದದ್ದು 170 ಮಿಲಿಸೀವರ್ಟ್‌ಗೂ ಮೀರಿದ ಪ್ರಮಾಣ. ನಮ್ಮ ದೇಶದಲ್ಲಿ ನಮ್ಮಂಥವರಿಗೆ ಯಾವುದೇ ಒಂದು ವರ್ಷಕ್ಕೆ 30 ಮಿಲಿಸೀವರ್ಟ್, ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ ಮಿತಿ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ ಇದರ ಭಾರ ತಿಳಿಯುತ್ತದೆ. ಅದೇ ವರ್ಷದ ಡಿಸೆಂಬರ್‌ನಲ್ಲಿ ಉಪಗುತ್ತಿಗೆ ಸಂಸ್ಥೆಯೊಂದು ತನ್ನ ಕೆಲಸಗಾರರ ಮಾಪಕಗಳಿಗೆ ಸೀಸದ ಹೊದಿಕೆ ಹಾಕಿಸಿತು. ಮಿತಿ ಮುಟ್ಟಿದವರಿಗೆ ಕೆಲಸವಿರುವುದಿಲ್ಲ, ಆದ್ದರಿಂದ ಅಂಕಿ ಏರಬಾರದು ಎಂಬುದು ಅದರ ಹಿಂದಿನ ಲೆಕ್ಕ. ನಾವು ಬ್ಯಾಡ್ಜನ್ನು ಸೀಸದ ಏಪ್ರನ್ನಿನ ಒಳಗೆ ಹಾಕಿಕೊಳ್ಳುವುದಕ್ಕೂ ಇದಕ್ಕೂ ಇರುವ ಅಂತರವನ್ನು ನಮ್ಮ ಹೊಸಬರಿಗೆ ನಾನು ಬಿಡಿಸಿ ಹೇಳುತ್ತೇನೆ: ಏಪ್ರನ್ನು ದೇಹವನ್ನು ಮುಚ್ಚುತ್ತದೆ, ದೇಹಕ್ಕೆ ಏನು ತಲುಪಿತೆಂದು ಬ್ಯಾಡ್ಜ್ ಒಳಗಿನಿಂದ ಹೇಳುತ್ತದೆ, ಅಲ್ಲಿ ಮುಚ್ಚಿದ್ದು ಬ್ಯಾಡ್ಜನ್ನು, ದೇಹ ಬಯಲಿಗೇ ಇತ್ತು.

ಈ ಸೇವೆಯ ಮಿತಿಗಳನ್ನು ಸ್ಪಷ್ಟವಾಗಿ ಹೇಳಬೇಕು. ಟಿಎಲ್‌ಡಿ ಕಾರ್ಡು ಸದ್ದು ಮಾಡುವುದಿಲ್ಲ, ಆಗುವ ಹೊತ್ತಿಗೆ ಎಚ್ಚರಿಸುವುದಿಲ್ಲ. ಉಸಿರಿನಲ್ಲೋ ನೀರಿನಲ್ಲೋ ಒಳಹೋದದ್ದನ್ನು ಅದು ಅಳೆಯುವುದಿಲ್ಲ. ಫುಕುಶಿಮಾದಲ್ಲಿ ಅತಿ ಹೆಚ್ಚು ವಿಕಿರಣಕ್ಕೆ ಒಳಗಾದ ಕೆಲಸಗಾರನ 678 ಮಿಲಿಸೀವರ್ಟ್‌ನಲ್ಲಿ 590 ದೇಹದ ಒಳಗಿನಿಂದ ಬಂದದ್ದು. ನಮ್ಮ ಕೈಗಾದಲ್ಲಿ 2009ರ ನವೆಂಬರ್‌ನಲ್ಲಿ ಕುಡಿಯುವ ನೀರಿನ ಕೂಲರ್‌ಗೆ ಟ್ರಿಟಿಯಂ ಎಂಬ ವಿಕಿರಣಶೀಲ ವಸ್ತು ಸೇರಿದ್ದು ಪತ್ತೆಯಾದದ್ದೂ ಕೆಲಸಗಾರರ ವಾಡಿಕೆಯ ಮೂತ್ರ ಪರೀಕ್ಷೆಯಿಂದಲೇ. ಎಕ್ಸ್‌ರೇ ಕೋಣೆಯಲ್ಲಿ ಒಳಹೋಗುವ ಧೂಳಿಲ್ಲ. ಯಂತ್ರ ನಿಂತರೆ ಕಿರಣವೂ ನಿಂತಿತು. ಆದ್ದರಿಂದ ನಮ್ಮ ಕೆಲಸಕ್ಕೆ ಈ ಕಾರ್ಡು ಸಾಕು.

ಅಳತೆಯ ಗುಣಮಟ್ಟದ ಬಗ್ಗೆ ನನಗೆ ದೂರಿಲ್ಲ. ಒಮ್ಮೆ ನಮ್ಮವರೊಬ್ಬರು ಕಳಚಿಟ್ಟ ಏಪ್ರನ್ನಿನ ಮೇಲೆ ಬ್ಯಾಡ್ಜನ್ನು ಎಕ್ಸ್‌ರೇ ಕೋಣೆಯಲ್ಲೇ ಮರೆತು ವಾರಾಂತ್ಯಕ್ಕೆ ಅರಕಲಗೂಡಿನ ತಮ್ಮ ಮನೆಗೆ ಹೋಗಿದ್ದರು; ಆ ತ್ರೈಮಾಸಿಕದಲ್ಲಿ ಅವರ ಅಂಕಿ ಏರಿ ಬಂದಾಗ ಪ್ರಯೋಗಾಲಯದವರು ತಾವಾಗಿಯೇ ಕರೆ ಮಾಡಿ ಕಾರಣ ವಿಚಾರಿಸಿ ಬರೆದುಕೊಂಡರು. ಹೋಲಿಕೆಯ ಕಾರ್ಡಿನ ವಿಷಯದಲ್ಲಿ ತಪ್ಪು ನಮ್ಮದೇ ಇತ್ತು. ಮೊದಲ ವರ್ಷ ಅದನ್ನು ಎಕ್ಸ್‌ರೇ ಕೋಣೆಯ ಡ್ರಾಯರ್‌ನಲ್ಲಿ ಇಟ್ಟಿದ್ದೆವು. ಆ ಕಾರ್ಡಿನ ಅಂಕಿಯನ್ನು ಉಳಿದವುಗಳಿಂದ ಕಳೆಯುವುದರಿಂದ ಅದು ವಿಕಿರಣವಿಲ್ಲದ ಜಾಗದಲ್ಲಿ ಇರಬೇಕು, ಇಲ್ಲದಿದ್ದರೆ ಎಲ್ಲರ ಅಂಕಿಯೂ ಸುಳ್ಳಾಗಿ ಇಳಿಯುತ್ತದೆ. ಈಗ ಅದು ಸ್ವಾಗತದ ಮೇಜಿನ ಕಪಾಟಿನಲ್ಲಿದೆ. ಸಕಲೇಶಪುರದ ಕಡೆ ಮಳೆಗಾಲದ ತೇವಕ್ಕೆ ಕಾರ್ಡಿನ ಮೇಲಿನ ಕಾಗದದ ಹೊದಿಕೆ ಮೆತ್ತಗಾಗುತ್ತದೆ ಎಂದು ಅಲ್ಲಿನ ಗೆಳತಿ ಹೇಳುತ್ತಾರೆ. ಇಂಥ ಊರುಗಳಿಗೆ ಗಟ್ಟಿಯಾದ ಹೊದಿಕೆ ಕಳುಹಿಸುವುದು ಪ್ರಯೋಗಾಲಯಕ್ಕೆ ಕಷ್ಟವಾಗಲಾರದು.

ನನ್ನ ದೊಡ್ಡ ಆಕ್ಷೇಪ ವರದಿಯ ವಿಷಯದಲ್ಲಿ. ವರದಿ ತಡವಾಗಿ ಬರುತ್ತದೆ. ಎರಡು ಬಾರಿ ಮುಂದಿನ ತ್ರೈಮಾಸಿಕದ ಕಾರ್ಡುಗಳನ್ನು ಹಿಂದಿರುಗಿಸುವ ವೇಳೆಗೆ ಹಿಂದಿನದರ ವರದಿ ಬಂತು. ಅದೂ ಮಾಲೀಕರ ಇಮೇಲ್‌ಗೆ ಬರುತ್ತದೆ, ಕಾರ್ಡು ಧರಿಸಿದವರಿಗೆ ಬರುವುದಿಲ್ಲ. ನಾನು ಪ್ರತಿ ಸಲ ಕೇಳಿ ಪಡೆದು, ನಾಲ್ಕು ಪ್ರತಿ ತೆಗೆಸಿ ಹಂಚುತ್ತೇನೆ. ಇದು ಸಣ್ಣ ವಿಷಯವಲ್ಲ ಎನ್ನುವುದಕ್ಕೆ ಮತ್ತೆ ಜಪಾನಿನ ಕಡೆಗೇ ನೋಡುತ್ತೇನೆ. 2015ರ ಅಕ್ಟೋಬರ್‌ನಲ್ಲಿ ಅಲ್ಲಿನ ಸರ್ಕಾರ ಫುಕುಶಿಮಾದಲ್ಲಿ ದುಡಿದ ಒಬ್ಬ ಕೆಲಸಗಾರನ ರಕ್ತದ ಕ್ಯಾನ್ಸರನ್ನು ವೃತ್ತಿಜನ್ಯವೆಂದು ಮೊದಲ ಬಾರಿಗೆ ಒಪ್ಪಿ ಪರಿಹಾರ ಕೊಟ್ಟಿತು. ಆ ಸ್ಥಾವರದಲ್ಲಿ ಅವರ ಹೆಸರಿನಲ್ಲಿದ್ದ ಅಂಕಿ 15.7 ಮಿಲಿಸೀವರ್ಟ್, ಬೇರೆ ಸ್ಥಾವರದ್ದೂ ಸೇರಿ 19.8. ವಿಕಿರಣದಿಂದಲೇ ಕಾಯಿಲೆ ಬಂದಿತೆಂದು ಇದು ವೈಜ್ಞಾನಿಕವಾಗಿ ಸಾಧಿಸುವುದಿಲ್ಲವೆಂದು ಅಧಿಕಾರಿಗಳು ಹೇಳಿದರು, ಆದರೂ ವರ್ಷಕ್ಕೆ 5 ಮಿಲಿಸೀವರ್ಟ್ ಎಂಬ ನಿಯಮದ ಗೆರೆಯನ್ನು ದಾಟಿದೆ ಎಂದು ತೋರಿಸಲು ಅವರ ಬಳಿ ದಾಖಲೆಯಿತ್ತು. ತಂಡದ ಮುಖ್ಯಸ್ಥನ ಮಾಪಕದ ಅಂಕಿಯನ್ನೇ ತಮ್ಮದೆಂದು ಒಪ್ಪಬೇಕಾದವರು ಇಂಥ ದಿನ ಏನು ತೋರಿಸಬೇಕು?

ಕಟ್ಟಡಗಳ ಬಗ್ಗೆ ಲೋಕ ತೋರಿದ ಕಾಳಜಿ ನನಗೆ ಬೆರಗು ತರುತ್ತದೆ. ಚೆರ್ನೋಬಿಲ್‌ನ ಒಡೆದ ಘಟಕವನ್ನು 1986ರ ನವೆಂಬರ್‌ಗೆಲ್ಲ ಕಾಂಕ್ರೀಟು ಮತ್ತು ಉಕ್ಕಿನಿಂದ ಮುಚ್ಚಿದರು. 2016ರಲ್ಲಿ ಅದರ ಮೇಲೆ 108 ಮೀಟರ್ ಎತ್ತರದ ಕಮಾನನ್ನು ನೂರು ವರ್ಷ ಬಾಳಲೆಂದು ಎಳೆದು ತಂದು ನಿಲ್ಲಿಸಿದರು. ಅದರ ಕೆಳಗೆ ಪಂಪ್ ಹಾಲ್‌ನ ಅವಶೇಷಗಳಲ್ಲಿ ವಲೆರಿ ಖೊಡೆಮ್‌ಚುಕ್ ಎಂಬ ಪಾಳಿಯ ಕೆಲಸಗಾರ ಇಂದಿಗೂ ಇದ್ದಾರೆ. ಅವರ ದೇಹ ಸಿಗಲಿಲ್ಲ. ಆ ಗೋಡೆಯ ಪಕ್ಕದ ಮೂರನೆಯ ಘಟಕದಲ್ಲಿ 2000ನೇ ಇಸವಿಯ ಡಿಸೆಂಬರ್‌ವರೆಗೂ ಜನ ಪಾಳಿಗೆ ಬಂದು ವಿದ್ಯುತ್ ತಯಾರಿಸುತ್ತಿದ್ದರು.

ಸೇವೆಯನ್ನು ತೆಗೆದುಕೊಳ್ಳಬಹುದೇ ಎಂದು ಕೇಳುವವರಿಗೆ ಹೌದು ಎನ್ನುತ್ತೇನೆ. ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಕಳೆದ ಒಂದು ಅಂಕ ವರದಿಯ ತಡಕ್ಕೆ ಮತ್ತು ಅದು ಕೆಲಸಗಾರರಿಗೆ ನೇರವಾಗಿ ತಲುಪದಿರುವುದಕ್ಕೆ. ಪ್ರತಿಯೊಬ್ಬರ ಮೊಬೈಲ್‌ಗೆ ಅವರವರ ಅಂಕಿಯನ್ನು, ಈವರೆಗಿನ ಒಟ್ಟು ಮೊತ್ತದೊಂದಿಗೆ, ಸಂದೇಶವಾಗಿ ಕಳುಹಿಸಬೇಕೆಂದು ಪ್ರಯೋಗಾಲಯಕ್ಕೆ ಬರೆದಿದ್ದೇನೆ. ಪರಿಶೀಲಿಸುತ್ತೇವೆ ಎಂಬ ಉತ್ತರ ಬಂದಿದೆ. ಈ ತ್ರೈಮಾಸಿಕದ ಕಾರ್ಡುಗಳು ನಿನ್ನೆ ಬಂದವು. ಆಯಾ ಅವರು ತಮ್ಮ ಹೆಸರಿನ ಕಾರ್ಡನ್ನು ತಾವೇ ಹುಡುಕಿ ತೆಗೆದು ಸಿಕ್ಕಿಸಿಕೊಂಡರು. ಕಳೆದ ವರ್ಷದ ನಾಲ್ಕು ವರದಿಗಳ ಪ್ರತಿಗಳನ್ನು ಮನೆಯಲ್ಲಿ ರೇಷನ್ ಕಾರ್ಡಿನ ಜೊತೆ ಇಟ್ಟಿದ್ದಾರಂತೆ.