ಓಟ, ನಡಿಗೆ, ಸೈಕಲ್: ಕ್ಯಾಲರಿ ಲೆಕ್ಕಕ್ಕೆ ಯಾವ ಅಂಕಿಯನ್ನು ನಂಬಬೇಕು?

ಟ್ರೆಡ್‌ಮಿಲ್ ಮೇಲೆ ಗಂಟೆಗೆ 9 ಕಿ.ಮೀ. ವೇಗದಲ್ಲಿ ಅರ್ಧ ಗಂಟೆ ಓಡಿ ಇಳಿದಾಗ ನನ್ನ ಮುಂದೆ ನಾಲ್ಕು ಅಂಕಿಗಳಿರುತ್ತವೆ. ಯಂತ್ರದ ಫಲಕ ಒಂದನ್ನು ತೋರಿಸುತ್ತದೆ, ಕೈಗಡಿಯಾರ ಇನ್ನೊಂದನ್ನು ಹೇಳುತ್ತದೆ, ಎದೆಗೆ ಕಟ್ಟಿದ ಪಟ್ಟಿಯ ಹೃದಯಬಡಿತಕ್ಕೆ ಸೂತ್ರ ಹಚ್ಚಿದರೆ ಮತ್ತೊಂದು ಬರುತ್ತದೆ, ಓಡಿದ ದೂರವನ್ನೂ ದೇಹದ ತೂಕವನ್ನೂ ಗುಣಿಸಿದರೆ ಮಗದೊಂದು. ಊಟದ ಅಳತೆಯನ್ನು ವ್ಯಾಯಾಮಕ್ಕೆ ಹೊಂದಿಸಿಕೊಳ್ಳುವವರಿಗೆ ಈ ವ್ಯತ್ಯಾಸ ಸಣ್ಣದಲ್ಲ. ಆದ್ದರಿಂದ ಇವುಗಳನ್ನು ಒಂದೇ ದೇಹದ ಮೇಲೆ, ಒಂದೇ ವೇಗದಲ್ಲಿ, ಚಳಿಗಾಲದಲ್ಲೂ ಬೇಸಿಗೆಯಲ್ಲೂ ಹೋಲಿಸಿ ನೋಡಿದ್ದೇನೆ. ನನ್ನ ತೂಕ 68 ಕೆ.ಜಿ., ವಯಸ್ಸು 42.

ಹೋಲಿಸುವ ಮೊದಲು ಅಳತೆಗೋಲು ಯಾವುದೆಂದು ತಿಳಿದಿರಬೇಕು. ಪ್ರಯೋಗಾಲಯದಲ್ಲಿ ಮುಖಕ್ಕೆ ಮುಖವಾಡ ಹಾಕಿ, ಒಳಗೆಳೆದ ಮತ್ತು ಹೊರಬಿಟ್ಟ ಗಾಳಿಯನ್ನು ಪರೀಕ್ಷಿಸಿ, ದೇಹ ಎಷ್ಟು ಆಮ್ಲಜನಕ ಬಳಸಿತು ಎಂದು ಅಳೆಯುತ್ತಾರೆ. ಒಂದು ಲೀಟರ್ ಆಮ್ಲಜನಕ ಬಳಕೆಯಾದರೆ ಸುಮಾರು 5 ಕಿಲೊಕ್ಯಾಲರಿ (ಆಡುಮಾತಿನಲ್ಲಿ ಕ್ಯಾಲರಿ ಎನ್ನುವುದು ಇದನ್ನೇ) ಖರ್ಚಾಗಿದೆ ಎಂದರ್ಥ. ಉರಿದದ್ದು ಹೆಚ್ಚಾಗಿ ಕೊಬ್ಬಾಗಿದ್ದರೆ ಅದು 4.7ರ ಹತ್ತಿರಕ್ಕೆ ಇಳಿಯುತ್ತದೆ. ವ್ಯಾಯಾಮಶಾಲೆಯಲ್ಲಿ ನಮಗೆ ಸಿಗುವ ಎಲ್ಲ ಸಾಧನಗಳೂ ಈ ಆಮ್ಲಜನಕವನ್ನು ನೇರವಾಗಿ ಅಳೆಯದೆ, ಬೇರೊಂದನ್ನು ಅಳೆದು ಊಹಿಸುತ್ತವೆ. ಹಾಗಾಗಿ ಕೇಳಬೇಕಾದ ಪ್ರಶ್ನೆ ಒಂದೇ: ಅವು ಅಳೆಯುವ ವಸ್ತು ಆಮ್ಲಜನಕಕ್ಕೆ ಎಷ್ಟು ಹತ್ತಿರದ್ದು?

ಕೈಗಡಿಯಾರ ಚರ್ಮದ ಮೇಲೆ ಹಸಿರು ಬೆಳಕು ಬೀರಿ ರಕ್ತದ ಏರಿಳಿತದಿಂದ ನಾಡಿಯನ್ನು ಎಣಿಸುತ್ತದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 60 ಮಂದಿಗೆ ಏಳು ಬಗೆಯ ಕೈಪಟ್ಟಿಗಳನ್ನು ಕಟ್ಟಿ ಪರೀಕ್ಷಿಸಲಾಗಿತ್ತು. ಏಳರಲ್ಲಿ ಆರು ಸಾಧನಗಳು ಹೃದಯಬಡಿತವನ್ನು ಶೇ. 5ರೊಳಗಿನ ದೋಷದಲ್ಲಿ ಅಳೆದವು. ಆದರೆ ಕ್ಯಾಲರಿಯ ವಿಷಯದಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಅಳೆದ ಸಾಧನವೂ ಸರಾಸರಿ ಶೇ. 27ರಷ್ಟು ತಪ್ಪಿತು, ಕೊನೆಯದು ಶೇ. 93ರಷ್ಟು. ಆ ಬಳಿಕ ಗಡಿಯಾರಗಳು ಸುಧಾರಿಸಿವೆ, ನಿಜ. ಆದರೂ ಅಲ್ಲಿ ಕಂಡುಬಂದ ಮುಖ್ಯ ಸಂಗತಿ ಇಂದಿಗೂ ಉಳಿದಿದೆ: ನಾಡಿಯನ್ನು ಸರಿಯಾಗಿ ಎಣಿಸುವುದು ಬೇರೆ, ಅದರಿಂದ ಕ್ಯಾಲರಿಯನ್ನು ಸರಿಯಾಗಿ ಊಹಿಸುವುದು ಬೇರೆ.

ಎದೆಪಟ್ಟಿಯನ್ನು ಹೋಲಿಸಿದಾಗ ಇದು ಇನ್ನೂ ಸ್ಪಷ್ಟವಾಯಿತು. ಅದು ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುವುದರಿಂದ, ಬೆವರಿದಾಗಲೂ ಕೈ ಬೀಸಿದಾಗಲೂ ಎಣಿಕೆ ಕೆಡುವುದು ಕಡಿಮೆ. ಕೀಟೆಲ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಸೂತ್ರಕ್ಕೆ ನನ್ನ ವಯಸ್ಸು, ತೂಕ ಮತ್ತು ನಿಮಿಷಕ್ಕೆ 140ರ ಸರಾಸರಿ ಬಡಿತವನ್ನು ಕೊಟ್ಟರೆ ಅರ್ಧ ಗಂಟೆಗೆ ಸುಮಾರು 396 ಕಿಲೊಕ್ಯಾಲರಿ ಬರುತ್ತದೆ. ಇದು ಡಿಸೆಂಬರಿನ ಬೆಳಗಿನ ಲೆಕ್ಕ. ನಾನಿರುವುದು ಕಲಬುರಗಿಯಲ್ಲಿ, ನಮ್ಮ ವ್ಯಾಯಾಮಶಾಲೆಗೆ ಎ.ಸಿ. ಇಲ್ಲ, ಏಪ್ರಿಲ್ ಬಂದರೆ ಅದೇ ವೇಗ, ಅದೇ ದೂರಕ್ಕೆ ಬಡಿತ 150ಕ್ಕೆ ಏರುತ್ತದೆ, ಸೂತ್ರದ ಉತ್ತರ 441ಕ್ಕೆ ಜಿಗಿಯುತ್ತದೆ. ಕಾಲುಗಳು ಮಾಡಿದ ಕೆಲಸ ಹೆಚ್ಚಾಗಿಲ್ಲ. ದೇಹವನ್ನು ತಂಪಾಗಿಸಲು ಚರ್ಮಕ್ಕೆ ಹೆಚ್ಚು ರಕ್ತ ಹರಿಯಬೇಕು, ಬೆವರಿನಿಂದ ರಕ್ತದ ದ್ರವಾಂಶ ತಗ್ಗುತ್ತದೆ, ಹೀಗಾಗಿ ಹೃದಯ ಬೇಗ ಬೇಗ ಬಡಿಯುತ್ತದೆ. ಆಮ್ಲಜನಕದ ಬಳಕೆ ಆ ಪ್ರಮಾಣದಲ್ಲಿ ಏರುವುದಿಲ್ಲ. ಹೆಚ್ಚುವರಿಯಾಗಿ ಕಂಡ 45 ಕಿಲೊಕ್ಯಾಲರಿ ಎಂದರೆ 5 ಗ್ರಾಂ ತುಪ್ಪ. ಸೆಕೆ ತಂದ ಬಡಿತವನ್ನು ನಂಬಿ ದಿನವೂ ಅಷ್ಟು ತುಪ್ಪ ಹೆಚ್ಚು ಬಡಿಸಿಕೊಂಡರೆ ತೂಕ ಇಳಿಯಲಿಲ್ಲವೇಕೆ ಎಂದು ಕೊರಗಬೇಕಾಗುತ್ತದೆ. ಕಾಫಿ, ನಿದ್ದೆಗೇಡು, ಮನಸ್ಸಿನ ಆತಂಕಗಳೂ ಬಡಿತವನ್ನು ಏರಿಸುತ್ತವೆ, ಮತ್ತು ಸೂತ್ರ ಅವೆಲ್ಲವನ್ನೂ ವ್ಯಾಯಾಮವೆಂದೇ ಎಣಿಸುತ್ತದೆ.

ಫಲಕದ ಅಂಕಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ತೂಕ ಕೇಳದ ಯಂತ್ರವಾದರೆ ಅದನ್ನು ಕಡೆಗಣಿಸುವುದೇ ಸರಿ. 54 ಕೆ.ಜಿ. ತೂಗುವ ನನ್ನ ಮಡದಿಗೂ ನನಗೂ ನಮ್ಮಲ್ಲಿನ ಒಂದು ಟ್ರೆಡ್‌ಮಿಲ್ ಒಂದೇ ಉತ್ತರ ಕೊಡುತ್ತದೆ.

ನಾನು ನೆಚ್ಚಿಕೊಂಡಿರುವುದು ದೂರ ಮತ್ತು ತೂಕದ ಲೆಕ್ಕವನ್ನು. ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ ಸಂಸ್ಥೆಯ ಸಮೀಕರಣದ ಪ್ರಕಾರ ಸಮತಟ್ಟಿನಲ್ಲಿ ಓಡುವಾಗ ಪ್ರತಿ ಕೆ.ಜಿ. ತೂಕಕ್ಕೆ, ಪ್ರತಿ ಮೀಟರಿಗೆ 0.2 ಮಿ.ಲೀ. ಆಮ್ಲಜನಕ ಬೇಕು. ಕಿಲೊಮೀಟರಿಗೆ 200 ಮಿ.ಲೀ., ಅಂದರೆ ಪ್ರತಿ ಕೆ.ಜಿ.ಗೆ ಪ್ರತಿ ಕಿ.ಮೀ.ಗೆ ಸರಿಯಾಗಿ 1 ಕಿಲೊಕ್ಯಾಲರಿ. ನನ್ನ 4.5 ಕಿ.ಮೀ. ಓಟಕ್ಕೆ 306. ಸುಮ್ಮನೆ ಕುಳಿತಿದ್ದರೂ ಆಗುತ್ತಿದ್ದ ಖರ್ಚನ್ನು ಕೂಡಿಸಿದರೆ 342; ಊಟಕ್ಕೆ ಹೊಂದಿಸುವಾಗ ಮೊದಲ ಅಂಕಿಯನ್ನೇ ಹಿಡಿಯಬೇಕು, ಏಕೆಂದರೆ ಕುಳಿತ ಖರ್ಚು ದಿನದ ಲೆಕ್ಕದಲ್ಲಿ ಆಗಲೇ ಸೇರಿರುತ್ತದೆ. ಈ ಕುಳಿತ ಖರ್ಚಿಗೆ ರೂಢಿಯಲ್ಲಿರುವ ಅಂಕಿ ಕೆ.ಜಿ.ಗೆ ನಿಮಿಷಕ್ಕೆ 3.5 ಮಿ.ಲೀ. ಆಮ್ಲಜನಕ. ಆದರೆ 2005ರ ಒಂದು ಅಧ್ಯಯನದಲ್ಲಿ 769 ಮಂದಿಯನ್ನು ಅಳೆದಾಗ ಸರಾಸರಿ 2.6ರಷ್ಟೇ ಇತ್ತು, ಕುಳಿತ ಖರ್ಚನ್ನೇ ಲೆಕ್ಕದಿಂದ ಬಿಟ್ಟರೆ ಆ ಗೊಂದಲವೂ ದೂರವಾಗುತ್ತದೆ.

ನಡಿಗೆಗೆ ಇದೇ ಲೆಕ್ಕ ಅರ್ಧಕ್ಕೆ ಇಳಿಯುತ್ತದೆ. ಗಂಟೆಗೆ 5.5 ಕಿ.ಮೀ.ಯಂತೆ ಅರ್ಧ ಗಂಟೆ ನಡೆದರೆ ಕುಳಿತ ಖರ್ಚೂ ಸೇರಿ ನನಗೆ 129 ಕಿಲೊಕ್ಯಾಲರಿ, ಟ್ರೆಡ್‌ಮಿಲ್ಲನ್ನು ಶೇ. 5ರಷ್ಟು ಏರಿಗೆ ಇಟ್ಟರೆ ಅದು 213 ಆಗುತ್ತದೆ. ಮೊಣಕಾಲು ನೋವಿನಿಂದ ಓಡಲಾರದವರಿಗೆ ನಾನು ಏರುನಡಿಗೆಯನ್ನು ಒತ್ತಿ ಹೇಳುವುದು ಇದಕ್ಕೇ. ಆದರೆ ಪಕ್ಕದ ಕಂಬಿ ಹಿಡಿದು ನಡೆದರೆ ತೂಕದ ಒಂದು ಪಾಲನ್ನು ಕಂಬಿಯೇ ಹೊರುತ್ತದೆ, ಆಗ ಯಾವ ಸಮೀಕರಣವೂ ನಿಲ್ಲುವುದಿಲ್ಲ. ಯಂತ್ರದ ವೇಗವೂ ನಿಜವಿರಬೇಕು: ಪಟ್ಟೆಯ ಉದ್ದ ಅಳೆದು, ಅದರ ಮೇಲೊಂದು ಸೀಮೆಸುಣ್ಣದ ಗುರುತು ಹಾಕಿ, ನಿಮಿಷಕ್ಕೆ ಎಷ್ಟು ಸುತ್ತು ಬಂತೆಂದು ಎಣಿಸಿದರೆ ತಿಳಿದುಹೋಗುತ್ತದೆ.

ಇದಕ್ಕಿಂತಲೂ ಗಟ್ಟಿಯಾದ ಲೆಕ್ಕ ಸಿಗುವುದು ವಾಟ್ ಅಳೆಯುವ ಸ್ಥಿರ ಸೈಕಲ್‌ನಲ್ಲಿ ಮಾತ್ರ. ಅಲ್ಲಿ ಪೆಡಲಿಗೆ ಬಿದ್ದ ಕೆಲಸವೇ ನೇರವಾಗಿ ಅಳತೆಗೆ ಸಿಗುತ್ತದೆ. 100 ವಾಟ್‌ನಂತೆ ಅರ್ಧ ಗಂಟೆ ತುಳಿದರೆ 180 ಕಿಲೊಜೂಲ್, ಅಂದರೆ ಸುಮಾರು 43 ಕಿಲೊಕ್ಯಾಲರಿಯಷ್ಟು ಕೆಲಸ. ನಮ್ಮ ಸ್ನಾಯುಗಳು ಖರ್ಚು ಮಾಡಿದ ಶಕ್ತಿಯಲ್ಲಿ ಶೇ. 20ರಿಂದ 25ರಷ್ಟನ್ನು ಮಾತ್ರ ಪೆಡಲಿಗೆ ತಲುಪಿಸುವುದರಿಂದ, ನಿಜವಾದ ಖರ್ಚು 172ರಿಂದ 215 ಕಿಲೊಕ್ಯಾಲರಿಯೊಳಗೇ ಇರುತ್ತದೆ. ಸೆಕೆಯಾಗಲಿ ಕಾಫಿಯಾಗಲಿ ಆ ವಾಟ್ ಅಂಕಿಯನ್ನು ಅಲುಗಿಸಲಾರವು. ವಾಟ್ ಅಳೆಯದೆ ಬರಿಯ ಸುತ್ತು ಎಣಿಸುವ ಸೈಕಲ್‌ಗೆ ಈ ಮಾತು ಅನ್ವಯಿಸುವುದಿಲ್ಲ.

ನಿಂತುಕೊಂಡೇ ಪೆಡಲ್ ತುಳಿಯುತ್ತ ಕೈಗಳಿಂದ ಹಿಡಿಗಳನ್ನು ತಳ್ಳುವ ಎಲಿಪ್ಟಿಕಲ್ ಯಂತ್ರವನ್ನು ಈ ಹೋಲಿಕೆಯಿಂದ ಹೊರಗಿಟ್ಟಿದ್ದೇನೆ. ಅಲ್ಲಿ ದೂರಕ್ಕೆ ನಿಜವಾದ ಅರ್ಥವಿಲ್ಲ, ಕೈಗಳು ಎಷ್ಟು ತಳ್ಳಿದವು ಎಂಬುದು ದಿನದಿಂದ ದಿನಕ್ಕೆ ಬದಲಾಗುತ್ತದೆ. ಅದನ್ನು ಬಳಸಿದ ದಿನ ನಿಮಿಷಗಳನ್ನೂ ಸರಾಸರಿ ಬಡಿತವನ್ನೂ ಬರೆದಿಡುತ್ತೇನೆ, ಕ್ಯಾಲರಿಯನ್ನು ಬರೆಯುವುದಿಲ್ಲ.