ಹಾಯಿದೋಣಿಯ ರೇಡಿಯೊಗೆ ತಾಮ್ರದ ಪಟ್ಟಿ: ಬಳಸಿದ ಮೇಲೆ ಬರೆಯುತ್ತಿದ್ದೇನೆ

ನಮ್ಮ ದೋಣಿಯ ಎಸ್‌ಎಸ್‌ಬಿ (ಸಿಂಗಲ್ ಸೈಡ್‌ಬ್ಯಾಂಡ್, ಬಹುದೂರ ಮಾತಾಡಲು ಬಳಸುವ) ರೇಡಿಯೊಗೆ ಅರ್ಥಿಂಗ್ ಮಾಡಲು 3 ಇಂಚು ಅಗಲದ ತಾಮ್ರದ ಪಟ್ಟಿಯ ಸುರುಳಿ ತರಿಸಿದೆ. ಕೊಟ್ಟ ದುಡ್ಡಿಗೆ ಮೋಸವಿಲ್ಲ.

ದಪ್ಪನೆಯ ತಂತಿ ಎಳೆದರೆ ಸಾಲದೇ ಎಂದು ಬಹಳ ಜನ ಕೇಳುತ್ತಾರೆ. ಖಂಡಿತ ಸಾಲದು. ಈ ರೇಡಿಯೊ ಬಳಸುವ ಆವರ್ತನಗಳಲ್ಲಿ ಕರೆಂಟು ಲೋಹದ ಮೇಲ್ಮೈಯಲ್ಲೇ ಹರಿಯುತ್ತದೆ. ಪಟ್ಟಿ ಅಗಲವಾಗಿ, ಗಿಡ್ಡವಾಗಿ ಇದ್ದಷ್ಟೂ ಅದರ ಹಾದಿ ಸಲೀಸು.

ಸಾಮಾನ್ಯ ಕತ್ತರಿಯಲ್ಲೇ ಕತ್ತರಿಸಬಹುದು, ಮೂಲೆಗಳಲ್ಲಿ ಮಡಚಿದರೂ ಬಿರುಕು ಬಿಡಲಿಲ್ಲ. ಅಂಚು ಮಾತ್ರ ಬ್ಲೇಡಿನಷ್ಟು ಹರಿತ, ಕೈಗವಸು ಬೇಕೇ ಬೇಕು. ಟ್ಯೂನರ್‌ನ (ಆಂಟೆನಾವನ್ನು ರೇಡಿಯೊದ ಆವರ್ತನಕ್ಕೆ ಹೊಂದಿಸುವ ಪೆಟ್ಟಿಗೆ) ಬೋಲ್ಟಿಗೆ ಸಿಗಿಸುವ ತುದಿಯನ್ನು ಎರಡು ಮೂರು ಪದರ ಮಡಚಿ, ತೂತು ಕೊರೆದು, ಅಗಲದ ವಾಶರ್ ಹಾಕಿ ಬಿಗಿದೆ. ಅಲ್ಲಿಂದ ದೋಣಿಯ ತಳದಲ್ಲಿ ಸಮುದ್ರದ ನೀರಿಗೆ ತಾಗಿರುವ ಕಂಚಿನ ಪ್ಲೇಟಿನವರೆಗೆ ಪಟ್ಟಿ ಹೋಗುತ್ತದೆ. ನಡುವೆ ಒಂದು ಕಡೆ ಸಣ್ಣ ಸಂದಿ ಬಿಟ್ಟು, ಅದಕ್ಕೆ ಅಡ್ಡಲಾಗಿ 0.1 ಮೈಕ್ರೊಫ್ಯಾರಡ್‌ನ ಕೆಪಾಸಿಟರ್‌ಗಳನ್ನು ಬೆಸುಗೆ ಹಾಕಿದ್ದೇನೆ. ರೇಡಿಯೊದ ಕರೆಂಟು ಅವುಗಳನ್ನು ದಾಟುತ್ತದೆ, ಡಿ.ಸಿ. (ಒಂದೇ ದಿಕ್ಕಿಗೆ ಹರಿಯುವ ಕರೆಂಟು) ದಾಟುವುದಿಲ್ಲ. ನೀರಿನಡಿಯ ಲೋಹವನ್ನು ತಿಂದುಹಾಕುವುದು ಈ ಡಿ.ಸಿ.ಯೇ, ಆದ್ದರಿಂದ ಈ ಕೆಲಸವನ್ನು ದಯವಿಟ್ಟು ಬಿಡಬೇಡಿ.

ಮೊದಲು ಮೈಕ್ ಒತ್ತಿದರೆ ಸಾಕು, ಆಟೋಪೈಲಟ್ ಚುಕ್ಕಾಣಿಯನ್ನು ಪಕ್ಕಕ್ಕೆ ಎಳೆಯುತ್ತಿತ್ತು. ಈಗ ಆ ಕಾಟ ನಿಂತಿದೆ. ಟ್ಯೂನರ್ 4 ಮೆಗಾಹರ್ಟ್ಸ್‌ನಲ್ಲೂ ಒದ್ದಾಡದೆ ಹೊಂದಿಕೊಳ್ಳುತ್ತದೆ.

ಒಂದು ಕೊರತೆ ಇದೆ. ತಳದಲ್ಲಿ ನೀರು ನಿಲ್ಲುವ ಕಡೆ ತಾಮ್ರ ಬೇಗ ಹಸಿರುಗಟ್ಟುತ್ತದೆ. ಜೋಡಣೆ ಮುಗಿದ ಮೇಲೆ ವಾರ್ನಿಶ್ ಬಳಿಯಿರಿ.

ಹತ್ತಿರದ ಮಾತುಕತೆಗೆ ಬಳಸುವ ವಿಎಚ್‌ಎಫ್ ರೇಡಿಯೊ ಮಾತ್ರ ಇರುವವರು ಇದನ್ನು ಕೊಳ್ಳಬೇಕಿಲ್ಲ, ಅದರ ಆಂಟೆನಾಕ್ಕೆ ಸಮುದ್ರದ ಅರ್ಥಿಂಗ್ ಬೇಡ.