ಫಾರ್ವರ್ಡ್ ಆಗಿ ಬಂದ ಮ್ಯಾಚ್ ಪಟ್ಟಿ ನಂಬಿ ರೈಲು ಹತ್ತಬೇಡಿ

ಕೆಳಗಿನ ಡಿವಿಷನ್ನಿನ ಫುಟ್‌ಬಾಲ್ ಮ್ಯಾಚ್ ನೋಡೋಣ ಅಂತ ಬಳ್ಳಾರಿ ಕಡೆಯಿಂದ ಬೆಂಗಳೂರಿಗೆ ಹೊರಟವರಿದ್ದರೆ ಟಿಕೆಟ್ ಮಾಡಿಸುವ ಮುಂಚೆ ಇದನ್ನು ಓದಿಬಿಡಿ. ನಾನೂ ನನ್ನ ಗೆಳೆಯನೂ ಹೋಗಿ ಬಂದೆವು. 700 ರೂಪಾಯಿ ಸುಮ್ನೆ ಹೋಯಿತು, ಎರಡು ರಾತ್ರಿಯ ನಿದ್ದೆ ಹೋಯಿತು. ಮ್ಯಾಚ್ ಮಾತ್ರ ನೋಡಲಿಲ್ಲ.

ಗೆಳೆಯನ ಅಕ್ಕನ ಮಗ ಲೆಫ್ಟ್ ಬ್ಯಾಕ್, ಅಂದರೆ ಎಡಬದಿ ಕಾಯುವ ಆಟಗಾರ. ನಮ್ಮ ಮುನ್ಸಿಪಲ್ ಕಾಲೇಜು ಮೈದಾನದ ಧೂಳಿನಲ್ಲಿ ಆಡಿ ಬೆಳೆದವನು, ಈಗ ಬೆಂಗಳೂರಿನ ಒಂದು ಸಣ್ಣ ಕ್ಲಬ್ಬಿನಲ್ಲಿದ್ದಾನೆ. ಅವನ ಮ್ಯಾಚ್ ನೋಡಬೇಕು ಅಂತ ಆಸೆ. ಅವನಿಗೆ ಒಂದು ಫೋನ್ ಮಾಡಿದ್ದರೆ ಎಲ್ಲಾ ಮುಗಿಯುತ್ತಿತ್ತು. ಆದರೆ ನಮ್ಮ ಗೆಳೆಯ ಕೇಳಬೇಕಲ್ಲ! "ನೀ ಸುಮ್ನಿರಲೇ, ಹೇಳದೇ ಹೋಗಿ ಎದುರಿಗೆ ನಿಲ್ಲೋಣ. ನಾ ಪಾಸೂ ತಗೊಂಡೀನಿ" ಅಂದ.

ಪಾಸ್ ಅಂದರೆ ಇದು. ಯಾವುದೋ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮ್ಯಾಚ್ ಪಟ್ಟಿಯ ಫೋಟೋ ಬಂದಿತ್ತು. ಅದರ ಕೆಳಗೆ ಒಂದು ನಂಬರ್, ಒಂದು ಕ್ಯೂಆರ್ ಕೋಡ್. ತಲೆಗೆ 350 ರೂಪಾಯಿ ಕಳಿಸಿದರೆ 'ವಿಐಪಿ ಪಾಸ್'. ಕಳಿಸಿದ ಹತ್ತು ನಿಮಿಷಕ್ಕೆ ಚೆಂದದ ಚಿತ್ರ ಬಂತು. ಎರಡು ತಂಡದ ಲೋಗೊ, ಸಿ ಬ್ಲಾಕ್, ನಾಲ್ಕನೇ ಸಾಲು, ಸೀಟ್ ನಂಬರ್ 11 ಮತ್ತು 12. ನೋಡಿದರೆ ಯಾರಾದರೂ ನಂಬಬೇಕು. ನಾನೂ ನಂಬಿದೆ.

ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದೆವು. ಗುಂತಕಲ್ ಸುತ್ತಿಕೊಂಡು ಆಂಧ್ರದೊಳಗೆ ಹೋಗಿ, ಹಿಂದೂಪುರ ದಾಟಿ ಮತ್ತೆ ನಮ್ಮ ರಾಜ್ಯಕ್ಕೆ ಬರುವ ದಾರಿ. ಹುಡುಗನಿಗೆ ಅಂತ ಅವನ ಅಜ್ಜಿ ಒಂದು ಡಬ್ಬಿ ತುಂಬ ಮಿರ್ಚಿ ಬಜ್ಜಿ ಕಟ್ಟಿಕೊಟ್ಟಿದ್ದರು. ರಾತ್ರಿಯೆಲ್ಲಾ ಬೋಗಿ ತುಂಬಾ ಅದರದ್ದೇ ವಾಸನೆ. ಬೆಳಗ್ಗೆ ಯಲಹಂಕದಲ್ಲಿ ರೈಲು ನಿಂತಾಗ ಕಿಟಕಿಯಿಂದಲೇ ಟೀ ಕುಡಿದೆವು. ಈ ಯಲಹಂಕ ನೆನಪಿರಲಿ.

ಮೆಜೆಸ್ಟಿಕ್‌ನಿಂದ ಮೆಟ್ರೋದಲ್ಲಿ ಎಂ.ಜಿ. ರೋಡ್, ಅಲ್ಲಿಂದ ನಡೆದು ಗರುಡಾ ಮಾಲ್ ಪಕ್ಕದ ಫುಟ್‌ಬಾಲ್ ಸ್ಟೇಡಿಯಂ. ಗೇಟಿನಲ್ಲಿ ಒಬ್ಬ ಸೆಕ್ಯುರಿಟಿಯವರು ಬಿಟ್ಟರೆ ನರಪಿಳ್ಳೆ ಇಲ್ಲ. ಗೆಳೆಯ ಮೊಬೈಲ್ ಚಾಚಿ ಪಾಸ್ ತೋರಿಸಿದ. ಅವರು ಹಿಗ್ಗಿಸಿ ನೋಡಿದರು, ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ನೋಡಿದರು. "ಸಾರ್, ಈ ಮ್ಯಾಚಿಗೆ ಟಿಕೆಟೇ ಇಲ್ಲ. ಬಂದವರು ಬಂದು ಕೂರ್ತಾರೆ. ಇದ್ಯಾವ ಸೀಟ್ ನಂಬರು?" ಅಂದರು. ಆಮೇಲೆ ಮೆತ್ತಗೆ ಇನ್ನೊಂದು ಮಾತು: "ಅದೂ ಅಲ್ಲದೆ ಇವತ್ತು ಮ್ಯಾಚ್ ಇಲ್ಲಿಲ್ಲ. ನಿನ್ನೆ ಸಂಜೆ ಯಲಹಂಕ ಕಡೆಗೆ ಹಾಕಿದ್ರು."

ನಾವು ಟೀ ಕುಡಿದ ಯಲಹಂಕ!

ಆಟೋದವನು 600 ಕೇಳಿದ, ಕೊಟ್ಟೆವು. ಅಲ್ಲಿರುವುದು ಖಾಸಗಿ ಮೈದಾನ, ಗ್ಯಾಲರಿ ಇಲ್ಲ, ಹೊರಗಿನವರಿಗೆ ಪ್ರವೇಶವೂ ಇಲ್ಲ. ಹಸಿರು ಬಟ್ಟೆ ಕಟ್ಟಿದ ಬೇಲಿ. ಬಟ್ಟೆ ಹರಿದಿದ್ದ ಜಾಗದಲ್ಲಿ ಕಣ್ಣಿಟ್ಟರೆ ಒಂದು ಕಾರ್ನರ್ ಬಾವುಟ, ಲೈನ್ಸ್‌ಮನ್ನನ ಕಾಲು, ಅಷ್ಟೇ. ಸೀಟಿ ಕೇಳುತ್ತಿತ್ತು, ಚೆಂಡಿಗೆ ಒದ್ದ ಸದ್ದು ಕೇಳುತ್ತಿತ್ತು. ಯಾರೋ "ಗೋಲ್" ಅಂತ ಕೂಗಿದರು. ಯಾವ ಕಡೆಯವರು ಅಂತ ಗೊತ್ತಾಗಲಿಲ್ಲ.

ಮ್ಯಾಚ್ ಮುಗಿದ ಮೇಲೆ ಹುಡುಗ ಹೊರಗೆ ಬಂದ. "ಮಾಮ, ಒಂದ್ ಫೋನ್ ಮಾಡಬಾರ್ದಿತ್ತಾ? ನಮಗೇ ನಿನ್ನೆ ರಾತ್ರಿ ಹೇಳಿದ್ರು" ಅಂದ. ಮೆತ್ತಗಾಗಿದ್ದ ಮಿರ್ಚಿಯನ್ನು ಅಲ್ಲೇ ಕಲ್ಲಿನ ಮೇಲೆ ಕೂತು ಟೀಮಿನವರೆಲ್ಲಾ ಸೇರಿ ಖಾಲಿ ಮಾಡಿದರು.

ಅವನು ಹೇಳಿದ್ದರಲ್ಲಿ ಅರ್ಥವಿದೆ. ಕಂಠೀರವ ಸ್ಟೇಡಿಯಂನಲ್ಲಿ ನಡೆಯುವ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಮ್ಯಾಚಿಗೆ ಟಿಕೆಟ್ ಇರುತ್ತೆ, ಟಿವಿಯವರು ಇರುತ್ತಾರೆ. ಅದನ್ನು ಹಿಂದಿನ ದಿನ ಎತ್ತಿ ಬೇರೆ ಕಡೆ ಇಡುವುದು ಸುಲಭ ಅಲ್ಲ. ಸಣ್ಣ ಲೀಗಿನಲ್ಲಿ ಎಷ್ಟೋ ಕ್ಲಬ್ಬಿಗೆ ಸ್ವಂತ ಮೈದಾನವೇ ಇಲ್ಲ. ಮಳೆ ಬಂದರೆ, ಮೈದಾನ ಬೇರೆಯವರಿಗೆ ಹೋದರೆ, ಮ್ಯಾಚೂ ಹೋಗುತ್ತೆ. ಸುದ್ದಿ ಮೊದಲು ಕ್ಲಬ್ಬಿಗೆ ಹೋಗುತ್ತೆ, ನಮಗೆ ಕೊನೆಗೆ. ಹಾಗಾಗಿ ಹೊರಡುವ ದಿನ ಸಂಜೆ ಒಮ್ಮೆ ಕ್ಲಬ್ಬಿನ ಪೇಜ್ ನೋಡಿ, ಇಲ್ಲ ಆಡುವ ಹುಡುಗರನ್ನೇ ಕೇಳಿ. ಎಲ್ಲಿ ಅಂತ ಕೇಳಿದರೆ ಸಾಲದು, ಒಳಗೆ ಬಿಡ್ತಾರಾ ಅಂತಲೂ ಕೇಳಿ. ಇಂಥ ಮ್ಯಾಚಿಗೆ ಯಾರಾದರೂ ಕ್ಯೂಆರ್ ಕಳಿಸಿ 'ಪಾಸ್' ಅಂದರೆ ಅಲ್ಲೇ ಬ್ಲಾಕ್ ಮಾಡಿ.

ವಾಪಸ್ ಬರುವಾಗ ಇನ್ನೊಂದು ಕಥೆ. ನಮ್ಮದು ಆನ್‌ಲೈನ್ ವೇಟಿಂಗ್ ಲಿಸ್ಟ್. ಚಾರ್ಟ್ (ಸೀಟು ಹಂಚಿದ ಕೊನೆಯ ಪಟ್ಟಿ) ಆದ ಮೇಲೂ ಕನ್ಫರ್ಮ್ ಆಗದಿದ್ದರೆ ಆ ಟಿಕೆಟ್ ತಾನೇ ರದ್ದಾಗುತ್ತೆ, ಗೆಳೆಯನಿಗೆ ಅದೂ ಗೊತ್ತಿರಲಿಲ್ಲ. ಜನರಲ್ ಬೋಗಿಯಲ್ಲಿ ಬಾಗಿಲ ಹತ್ತಿರ ನಿಂತೇ ಬಂದೆವು.

ಪಾಸ್ ಮಾರಿದವನ ನಂಬರ್ ಅಷ್ಟರಲ್ಲಿ ಸ್ವಿಚ್ ಆಫ್. ಊರಿಗೆ ಬಂದು ಎರಡು ದಿನ ಬಿಟ್ಟು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದೆವು. ಯುಪಿಐ ಪಾವತಿಯ 12 ಅಂಕಿಯ ಯುಟಿಆರ್ ನಂಬರ್, ಅಂದರೆ ಆ ಪಾವತಿಯ ಗುರುತಿನ ಸಂಖ್ಯೆ, ಕೇಳಿದರು, ಹೇಳಿದೆವು. ಇಷ್ಟು ತಡ ಯಾಕೆ ಮಾಡಿದಿರಿ, ಅವತ್ತೇ ಮಾಡಬೇಕಿತ್ತಲ್ವಾ ಅಂದರು. ದೂರಿನ ನಂಬರ್ ಬಂದಿದೆ. 700 ರೂಪಾಯಿ ಇನ್ನೂ ಬಂದಿಲ್ಲ.